ಕತ್ತು ನಿಲ್ಲದ ಕೂಸಿಗೆ ಎಂಥ ಬೇಬಿ ಕ್ಯಾರಿಯರ್?

ಪ್ರಶ್ನೆ: ನನ್ನ ಮಗಳಿಗೆ ಈಗ ಐದು ವಾರ, ತೂಕ 3.8 ಕಿಲೋ. ಹೊಟ್ಟೆಯಲ್ಲಿ ಕೊನೆಯವರೆಗೂ ತಲೆ ಮೇಲಾಗಿಯೇ ಇದ್ದಳು, ಹಾಗಾಗಿ ಸಿಸೇರಿಯನ್ ಆಯಿತು. ಕೆಳಗೆ ಮಲಗಿಸಿದರೆ ಅಳು, ಎತ್ತಿಕೊಂಡರೆ ಸುಮ್ಮನಾಗುತ್ತಾಳೆ. ಕ್ಯಾರಿಯರ್ ತೆಗೆದುಕೊಳ್ಳೋಣವೆಂದರೆ ಬಟ್ಟೆ ಸುತ್ತಿಕೊಳ್ಳುವುದು, ರಿಂಗ್ ಇರುವುದು, ಬಕಲ್ ಇರುವುದು ಹೀಗೆ ಹತ್ತು ಬಗೆ. ಪರಿಚಯದವರೊಬ್ಬರು ತಾವು ಬಳಸಿದ, ಮಗುವನ್ನು ಹೊರಮುಖವಾಗಿ ಕೂರಿಸುವ ಕ್ಯಾರಿಯರ್ ಕೊಟ್ಟಿದ್ದಾರೆ. ಅದೇ ಸಾಕೇ? ನಾನು ಕುಳ್ಳಿ, ಮನೆಯವರು ಆರಡಿ. ಇಬ್ಬರಿಗೂ ಒಂದೇ ಆಗುತ್ತದೆಯೇ?

ಉತ್ತರ:

ಪರಿಚಯದವರು ಕೊಟ್ಟದ್ದನ್ನು ಸದ್ಯಕ್ಕೆ ಎತ್ತಿಡಿ. ಇಬ್ಬರಿಗೂ ಸೇರಿ ಒಂದೇ ಕೊಳ್ಳುವುದಾದರೆ, 3.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಬಳಸಬಹುದಾದ, ಕೂರುವ ಅಗಲವನ್ನೂ ಬೆನ್ನಿನ ಎತ್ತರವನ್ನೂ ಕುಗ್ಗಿಸಲು ಬರುವ ಮೆತ್ತನೆಯ ಬಕಲ್ ಕ್ಯಾರಿಯರ್ ನಿಮಗೆ ಸರಿ. ಹೆಚ್ಚಾಗಿ ನೀವೇ ಎತ್ತಿಕೊಳ್ಳುವುದು, ಅದೂ ಮನೆಯೊಳಗೆ ಎಂದಾದರೆ ಮೊದಲ ಮೂರ್ನಾಲ್ಕು ತಿಂಗಳಿಗೆ ಮೈಗೆ ಸುತ್ತಿ ಕಟ್ಟಿಕೊಳ್ಳುವ, ಹಿಗ್ಗುವ ಬಟ್ಟೆಯ ರ‍್ಯಾಪ್ ಅದಕ್ಕಿಂತ ಒಂದು ಕೈ ಮೇಲು. ಯಾವುದನ್ನೇ ಕೊಳ್ಳುವ ಮೊದಲು, ಮಗುವಿನ ಸೊಂಟದ ಕೀಲಿನ ಸ್ಕ್ಯಾನ್ ಯಾವಾಗ ಎಂದು ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ. ಅದೇಕೆಂದು ಮುಂದೆ ಹೇಳುತ್ತೇನೆ.

ಕ್ಯಾರಿಯರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಭುಜಪಟ್ಟಿಯ ಪ್ಯಾಡಿಂಗ್ ಎಷ್ಟು ದಪ್ಪ, ಜೇಬುಗಳೆಷ್ಟು, ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂದು ನೋಡುತ್ತಾರೆ. ಕತ್ತು ನಿಲ್ಲದ ಕೂಸಿನ ಮಟ್ಟಿಗೆ ಇವು ಹಿಂದಿನ ಸಾಲಿನ ವಿಷಯ. ಮುಂದೆ ಇಡಬೇಕಾದ ಪ್ರಶ್ನೆ ಒಂದೇ: ಈ ಮಗುವಿನ ಈಗಿನ ಅಳತೆಗೆ, ಎಲ್ಲೂ ಸಡಿಲ ಉಳಿಯದಂತೆ ಇದನ್ನು ಬಿಗಿ ಮಾಡಲು ಬರುತ್ತದೆಯೇ? ಮಗುವಿನ ಉಸಿರಿಗಾಗುವ ಅಪಾಯ, ಕಾಲು ಜೋತಾಡುವುದು, ಎತ್ತಿಕೊಂಡವರ ಬೆನ್ನುನೋವು, ಮೂರೂ ಬಹುಪಾಲು ಒಂದೇ ಕಡೆಯಿಂದ ಶುರುವಾಗುತ್ತವೆ. ಬಟ್ಟೆ ಸಡಿಲವಿದ್ದರೆ ಮಗು ಜಾರುತ್ತದೆ, ಜಾರಿದ ಮಗು ಮುದುಡುತ್ತದೆ.

ಮೊದಲು ಉಸಿರು

ಎಳೆ ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹಿಂಭಾಗ ಉಬ್ಬಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕತ್ತಿನ ಸ್ನಾಯುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಶ್ವಾಸನಾಳ ಕಿರಿದು, ಮೆದು. ಬೆನ್ನು ಬಾಗಿ ಗದ್ದ ಎದೆಗೆ ಒತ್ತಿಕೊಂಡಿತೆಂದರೆ ಗಾಳಿ ಹೋಗುವ ದಾರಿ ಸಣ್ಣದಾಗುತ್ತದೆ. ಸ್ವಲ್ಪ ದೊಡ್ಡ ಮಗುವಾದರೆ ತಲೆ ಎತ್ತಿ ಸರಿಮಾಡಿಕೊಳ್ಳುತ್ತದೆ. ಐದು ವಾರದ ಕೂಸಿಗೆ ಅದಾಗದು, ಆ ಸ್ಥಿತಿಯಲ್ಲಿ ಜೋರಾಗಿ ಅಳಲೂ ಆಗದು. ಇನ್ನೊಂದು ಅಪಾಯ, ಮೂಗು-ಬಾಯಿ ಬಟ್ಟೆಗೋ ಎತ್ತಿಕೊಂಡವರ ಎದೆಗೋ ಒತ್ತಿಕೊಳ್ಳುವುದು. ಎರಡೂ ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಆಗಿಬಿಡುವಂಥವು. ‘ಕಷ್ಟವಾದರೆ ಅಳುತ್ತೆ ಬಿಡಿ’ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ, ಅಂದರೆ ಹೆಗಲಿಗೆ ಹಾಕಿಕೊಂಡು ಮಗುವನ್ನು ಹೊರುವ ಬಟ್ಟೆಯ ಜೋಳಿಗೆಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹಿಂದಿನ 20 ವರ್ಷಗಳಲ್ಲಿ ಅದರ ಗಮನಕ್ಕೆ ಬಂದಿದ್ದ ಕನಿಷ್ಠ 14 ಸಾವುಗಳಲ್ಲಿ 12, ನಾಲ್ಕು ತಿಂಗಳೊಳಗಿನ ಕೂಸುಗಳದ್ದು. ಅದರ ಬೆನ್ನಲ್ಲೇ ಚೀಲದಾಕಾರದ ಸ್ಲಿಂಗ್‌ಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. ಅಂಚಿಗೆ ಎಲಾಸ್ಟಿಕ್, ತಳಕ್ಕೆ ದಪ್ಪ ಹಾಸು, ಮಗುವನ್ನು ಅಡ್ಡಡ್ಡ ಮಲಗಿಸಿ ತೂಗುಹಾಕಿಕೊಳ್ಳುವ ಆ ಮಾದರಿಯಲ್ಲಿ ಮಗು ತಳಕ್ಕಿಳಿದು, ಗದ್ದ ಎದೆಗೆ ತಾಗುವಂತೆ ಮಡಿಚಿಕೊಳ್ಳುತ್ತದೆ. ಅಂಥದ್ದು ಇಂದಿಗೂ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಎಷ್ಟೇ ಚೆಂದವಿದ್ದರೂ ಬೇಡ.

ಬ್ರಿಟನ್ನಿನ ಸ್ಲಿಂಗ್ ತಯಾರಕರು ಮತ್ತು ತರಬೇತುದಾರರು ‘ಟಿಕ್ಸ್’ ಎಂಬ ಹೆಸರಿನಲ್ಲಿ ಐದು ಅಂಶಗಳ ಒಂದು ಪಟ್ಟಿ ಮಾಡಿದ್ದಾರೆ, ಅದು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಕ್ಯಾರಿಯರ್ ಬಿಗಿಯಾಗಿರಬೇಕು. ತಲೆ ಸ್ವಲ್ಪ ಬಗ್ಗಿಸಿದರೆ ಮಗುವಿನ ಮುಖ ಯಾವಾಗಲೂ ಕಾಣಬೇಕು. ನೆತ್ತಿ ಮುತ್ತಿಡುವಷ್ಟು ಹತ್ತಿರವಿರಬೇಕು. ಗದ್ದ ಎದೆಗೆ ತಾಗಿರಬಾರದು, ನಡುವೆ ಕನಿಷ್ಠ ಒಂದು ಬೆರಳು ಅಡ್ಡಲಾಗಿ ಹಿಡಿಸಬೇಕು, ಎರಡು ಹಿಡಿಸಿದರೆ ಇನ್ನೂ ಒಳ್ಳೆಯದು. ಬೆನ್ನಿಗೆ ಉದ್ದಕ್ಕೂ ಆಸರೆ ಇರಬೇಕು. ಈ ಐದರಲ್ಲಿ ಮೊದಲನೆಯದು ಸರಿಯಿದ್ದರೆ ಉಳಿದ ನಾಲ್ಕು ಸುಲಭ, ಅದೇ ತಪ್ಪಿದರೆ ಉಳಿದವು ಹತ್ತು ನಿಮಿಷ ನಿಲ್ಲುವುದಿಲ್ಲ.

ಸೊಂಟದ ಕೀಲು, ಅದರಲ್ಲೂ ನಿಮ್ಮ ಮಗಳದ್ದು

ತೊಡೆಮೂಳೆಯ ಗುಂಡನೆಯ ತುದಿ ಸೊಂಟದ ಬಟ್ಟಲಿನೊಳಗೆ ಕೂರುತ್ತದೆ. ಹುಟ್ಟಿದಾಗ ಈ ಬಟ್ಟಲು ಬಹುಪಾಲು ಮೃದ್ವಸ್ಥಿ, ಮೊದಲ ತಿಂಗಳುಗಳಲ್ಲಿ ಗುಂಡು ಸರಿಯಾಗಿ ಕೂತಿದ್ದರೆ ಅದರ ಸುತ್ತ ಬಟ್ಟಲೂ ಆಳವಾಗಿ ಬೆಳೆಯುತ್ತದೆ. ತಲೆ ಮೇಲಾಗಿ ಬೆಳೆದ ಕೂಸುಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ಕೀಲು ಸಡಿಲವಾಗಿರುವ ಅಥವಾ ಬಟ್ಟಲು ಆಳವಿಲ್ಲದಿರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಇದ್ದಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಹುಟ್ಟಿದಾಗ ಕೈಯಲ್ಲಿ ಪರೀಕ್ಷಿಸಿ ‘ಸರಿ ಇದೆ’ ಎಂದಿದ್ದರೂ ಆರು ವಾರದ ಸುಮಾರಿಗೆ ಅಲ್ಟ್ರಾಸೌಂಡ್ ಮಾಡಿಸುವುದು ರೂಢಿ. ನಿಮಗೆ ಅದರ ಹೊತ್ತು ಈಗಲೇ. ತೊಂದರೆ ಕಂಡು, ಕಾಲುಗಳನ್ನು ಮಡಚಿ ಅಗಲವಾಗಿ ಹಿಡಿದಿಡುವ ಪಾವ್ಲಿಕ್ ಪಟ್ಟಿ ಹಾಕಿದರೆ, ಅದರ ಮೇಲೆ ಕ್ಯಾರಿಯರ್ ಬಳಸಬಹುದೇ, ಯಾವುದನ್ನು ಎಂಬುದನ್ನು ಆ ಮೂಳೆ ವೈದ್ಯರೇ ಹೇಳಬೇಕು. ಒಳ್ಳೆಯ ಕ್ಯಾರಿಯರ್ ಕೀಲಿಗೆ ಅನುಕೂಲವಾದ ಭಂಗಿ ಕೊಡುತ್ತದೆ, ಆದರೆ ಅದು ಚಿಕಿತ್ಸೆಯಲ್ಲ.

ಆ ಭಂಗಿ ಹೀಗಿರುತ್ತದೆ: ಮಗು ನಿಮ್ಮ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತಂತಿರಬೇಕು, ಮಂಡಿ ಪೃಷ್ಠಕ್ಕಿಂತ ಮೇಲೆ, ತೊಡೆಗಳು ನಿಮ್ಮ ಮೈಯನ್ನು ಅಪ್ಪಿಕೊಂಡು ಸಹಜವಾಗಿ ಅಗಲವಾಗಿರಬೇಕು. ಎದುರಿನಿಂದ ನೋಡಿದರೆ ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುತ್ತದೆ. ಬಟ್ಟೆ ಒಂದು ಮಂಡಿಯ ಹಿಂಭಾಗದಿಂದ ಇನ್ನೊಂದು ಮಂಡಿಯ ಹಿಂಭಾಗದವರೆಗೆ ತೊಡೆಯ ಪೂರ್ತಿ ಉದ್ದಕ್ಕೂ ಆಸರೆ ಕೊಡಬೇಕು. ಕಾಲುಗಳ ನಡುವೆ ಕಿರಿದಾದ ಪಟ್ಟಿ ಮಾತ್ರ ಇರುವ ಕ್ಯಾರಿಯರ್‌ನಲ್ಲಿ ತೊಡೆ ನೇರ ಕೆಳಗೆ ಜೋತು ಬೀಳುತ್ತದೆ, ಮಗುವಿನ ಭಾರವೆಲ್ಲ ತೊಡೆಸಂದಿನ ಮೇಲೆ. ಕೀಲು ಗಟ್ಟಿಯಿರುವ ಮಗುವನ್ನು ಅರ್ಧ ಗಂಟೆ ಹಾಗೆ ಕೂರಿಸಿದ ಮಾತ್ರಕ್ಕೆ ಕೀಲು ತಪ್ಪುತ್ತದೆಂದು ಹೆದರಿಸುವುದು ಅತಿಯಾಯಿತು. ಆದರೆ ನಿಮ್ಮ ಮಗಳ ಕೀಲು ಗಟ್ಟಿಯಿದೆಯೇ ಎಂಬುದೇ ಇನ್ನೂ ತಿಳಿದಿಲ್ಲವಲ್ಲ.

ಅಳತೆ ತೆಗೆಯುವುದು ಸುಲಭ. ಡೈಪರ್ ಹಾಕಿದ ಮಗುವನ್ನು ಎದೆಗೆ ಒರಗಿಸಿಕೊಂಡು ಕಾಲು ತಾನಾಗಿ ಮಡಚಿಕೊಳ್ಳಲು ಬಿಡಿ. ಇನ್ನೊಬ್ಬರು ಟೇಪಿನಲ್ಲಿ ಒಂದು ಮಂಡಿಯ ಹಿಂಬದಿಯ ಗುಳಿಯಿಂದ, ಪೃಷ್ಠದ ಕೆಳಗಾಗಿ, ಇನ್ನೊಂದು ಮಂಡಿಯ ಗುಳಿಯವರೆಗೆ ಅಳೆಯಲಿ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ 20 ಸೆಂ.ಮೀ. ಆಸುಪಾಸು ಬರುತ್ತದೆ. ಕ್ಯಾರಿಯರ್‌ನ ಕೂರುವ ಭಾಗ ಕುಗ್ಗಿಸಿದಾಗ ಅಷ್ಟಕ್ಕೆ ಬರಬೇಕು. ಅಗಲ ಹೆಚ್ಚಾದರೂ ತೊಂದರೆಯೇ: ಮಂಡಿ ದಾಟಿದ ಬಟ್ಟೆ ಕಾಲನ್ನು ನೆಟ್ಟಗೆ ಚಾಚಿಸುತ್ತದೆ, ಬಲವಂತವಾಗಿ ಅಗಲಿಸುತ್ತದೆ. ಹಾಗೆಂದು ಕಾಲನ್ನು ಒಳಗೆ ಮಡಚಿ ಕೂರಿಸಿದರೆ ಮಗುವಿನ ಭಾರ ಅದರ ಪಾದದ ಮೇಲೆಯೇ ಬೀಳುತ್ತದೆ.

ಯಾವ ಮಾದರಿ ಯಾರಿಗೆ

ಹಿಗ್ಗುವ ರ‍್ಯಾಪ್ ಎಂದರೆ ಸುಮಾರು 5 ಮೀಟರ್ ಉದ್ದ, ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲದ ಬಟ್ಟೆ, ಹತ್ತಿಯ ಜೊತೆ ಸ್ವಲ್ಪ ಎಲಾಸ್ಟೇನ್ ನೂಲು. ಕುಳ್ಳಗಿರಲಿ, ಎತ್ತರವಿರಲಿ, ಸುತ್ತಿಕೊಂಡವರ ಮೈಗೂ ಮಗುವಿನ ಮೈಗೂ ಒಂದೇ ಸಮ ಹೊಂದಿಕೊಳ್ಳುವುದು ಇದರ ದೊಡ್ಡ ಗುಣ. ಕಟ್ಟಿಕೊಂಡ ಮೇಲೆ ಮಗುವನ್ನು ಇಳಿಸಿ, ಬಿಚ್ಚದೆ ಮತ್ತೆ ಹಾಕಬಹುದು. ಸಿಸೇರಿಯನ್ ಗಾಯದ ಮೇಲೆ ಗಟ್ಟಿ ಪಟ್ಟಿ ಒತ್ತುವುದಿಲ್ಲ. ಎಡವಟ್ಟಾಗುವುದು ಕಟ್ಟುವಾಗ. ಮಗುವಿಗೆ ಜಾಗ ಬೇಕಲ್ಲ ಎಂದು ಸಡಿಲ ಬಿಟ್ಟು ಕಟ್ಟುತ್ತಾರೆ. ಜಾಗ ಕೊಡುವುದು ಬಟ್ಟೆಯ ಹಿಗ್ಗು, ನೀವು ಬಿಡಬೇಕಿಲ್ಲ. ಮಗುವಿಲ್ಲದೆ ಕಟ್ಟಿದಾಗ ಮೈಗಂಟಿದ ಬನಿಯನ್‌ನಷ್ಟು ಬಿಗಿ ಇರಬೇಕು. ಇಪ್ಪತ್ತು ನಿಮಿಷದಲ್ಲಿ ಮಗು ಎರಡು ಬೆರಳು ಕೆಳಗಿಳಿದಿದ್ದರೆ ಬಿಚ್ಚಿ, ಬಿಗಿಯಾಗಿ ಮತ್ತೆ ಕಟ್ಟಿ. ಒಳಗೆ ಏನನ್ನಾದರೂ ತುರುಕಿ ಸರಿಪಡಿಸಬೇಡಿ. ಮಗುವಿನ ಮೇಲೆ ಮೂರು ಪದರ ಬರಬೇಕು: ಹೆಗಲಿಂದ ಇಳಿದು ಅಡ್ಡ ಹಾಯುವ ಎರಡು, ಅವುಗಳ ಮೇಲೆ ಅಡ್ಡಲಾಗಿ ಬಿಡಿಸಿದ ಒಂದು. ಒಂದೇ ಪದರದ ನೆಚ್ಚಿಕೆ ಬೇಡ. ಬೆನ್ನಿಗೆ ಕಟ್ಟಿಕೊಳ್ಳಲು ಈ ಬಟ್ಟೆ ಸಲ್ಲದು, ಮಗು ಹಿಂದಕ್ಕೆ ಸೆಟೆದರೆ ಹಿಗ್ಗಿ ಬಿಡುತ್ತದೆ. ಲೇಬಲ್ಲಿನಲ್ಲಿ 15 ಕಿಲೋವರೆಗೆ ಎಂದು ಬರೆದಿದ್ದರೂ 8-9 ಕಿಲೋ ದಾಟಿದ ಮೇಲೆ ಜೋತು ಬೀಳುವುದೇ ಹೆಚ್ಚು. ಮೂರು ಪದರ ಎಂದ ಮೇಲೆ ಸೆಖೆಯೂ ಇದ್ದದ್ದೇ.

ನೇಯ್ದ ರ‍್ಯಾಪ್ ಹಿಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಪ್ರತಿ ಸಲ ಮಗುವಿನ ಸುತ್ತಲೇ ಎಳೆ ಎಳೆಯಾಗಿ ಬಿಗಿ ಮಾಡುತ್ತ ಕಟ್ಟಬೇಕು. ಕಲಿಯುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ನಿದ್ದೆಗೆಟ್ಟ ಐದನೇ ವಾರದಲ್ಲಿ ಶುರುಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ರಿಂಗ್ ಸ್ಲಿಂಗ್ ಸುಮಾರು 2 ಮೀಟರ್ ಬಟ್ಟೆ, ಒಂದು ತುದಿಗೆ ಎರಡು ರಿಂಗ್. ಹೊಟ್ಟೆಯ ಮೇಲೆ ಏನೂ ಬರುವುದಿಲ್ಲ, ಮಡಚಿದರೆ ಪುಟ್ಟ ಗಂಟು, ಹಾಕಿಕೊಳ್ಳಲು ಒಂದು ನಿಮಿಷ. ರಿಂಗ್ ಬೆಸುಗೆ ಇಲ್ಲದ, ಸ್ಲಿಂಗ್‌ಗೆಂದೇ ಮಾಡಿದ್ದಾಗಿರಬೇಕು, ಕರಕುಶಲದ ಅಂಗಡಿಯ ರಿಂಗ್ ಭಾರಕ್ಕೆ ಬಾಯಿಬಿಡಬಹುದು. ಬಿಗಿ ಮಾಡುವಾಗ ಇಡೀ ಬಟ್ಟೆಯನ್ನು ಒಟ್ಟಿಗೆ ಹಿಡಿದು ಎಳೆದರೆ ಅಂಚುಗಳು ಸಡಿಲವೇ ಉಳಿಯುತ್ತವೆ. ಮೇಲಂಚು ಬೇರೆ, ಕೆಳಂಚು ಬೇರೆ, ನಡುವಿನ ಬಟ್ಟೆ ಬೇರೆ ಎಂದು ಬಿಡಿಬಿಡಿಯಾಗಿ ಎಳೆಯಬೇಕು. ಭಾರವೆಲ್ಲ ಒಂದೇ ಹೆಗಲಿಗೆ, ಹಾಗಾಗಿ ದಿನಕ್ಕೊಂದು ಕಡೆ ಬದಲಿಸಿ. ಚಿಕ್ಕ ಚಿಕ್ಕ ಹೊತ್ತಿಗೆ ಚೆನ್ನ, ದಿನದ ಮುಖ್ಯ ಕ್ಯಾರಿಯರ್ ಆಗಿ ಅಷ್ಟಕ್ಕಷ್ಟೆ.

ಬಕಲ್ ಕ್ಯಾರಿಯರ್‌ನಲ್ಲಿ ಸೊಂಟದ ಪಟ್ಟಿ, ಮಗುವಿನ ಬೆನ್ನಿಗೆ ಬರುವ ಬಟ್ಟೆಯ ಹಲಗೆ, ಎರಡು ಭುಜಪಟ್ಟಿ, ಅವನ್ನು ಜೋಡಿಸುವ ಚಿಕ್ಕ ಪಟ್ಟಿ ಇರುತ್ತವೆ. ಲೇಬಲ್ಲಿನ ಕನಿಷ್ಠ ತೂಕ ನೋಡಿ ತೃಪ್ತರಾಗಬೇಡಿ. ಆ ಅಂಕಿ ತಯಾರಕರು ಯಾವ ತೂಕದಿಂದ ಬಳಸಲು ಒಪ್ಪುತ್ತಾರೆ ಎಂದು ಹೇಳುತ್ತದೆ, ನಿಮ್ಮ ಮಗು ಅದರಲ್ಲಿ ಸರಿಯಾಗಿ ಕೂರುತ್ತದೆಯೇ ಎಂದಲ್ಲ. ನೋಡಬೇಕಾದ್ದು ನಾಲ್ಕು. ಕೂರುವ ಅಗಲ ನೀವು ಅಳೆದಷ್ಟಕ್ಕೆ ಕುಗ್ಗುತ್ತದೆಯೇ. ವೆಲ್ಕ್ರೊ, ಜಾರುಪಟ್ಟಿ, ಲಾಡಿ ಯಾವುದಾದರೂ ಸರಿ, ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಲು ಬರಬೇಕು. ಹಲಗೆಯ ಮೇಲಂಚು ಮಗುವಿನ ಕತ್ತಿನ ಬುಡದಿಂದ ಕಿವಿಯ ಮಟ್ಟದೊಳಗೆ ನಿಲ್ಲುತ್ತದೆಯೇ; ಅದಕ್ಕಿಂತ ಎತ್ತರವಾದರೆ ಮುಖ ಮುಚ್ಚುತ್ತದೆ, ತಗ್ಗಾದರೆ ತಲೆ ಹಿಂದಕ್ಕೆ ವಾಲುತ್ತದೆ. ಹಲಗೆ ಕೈಯಲ್ಲಿ ಮುದುರಿದರೆ ಬಟ್ಟೆಯಂತೆ ಬಾಗುತ್ತದೆಯೇ. ದಪ್ಪ ಫೋಮ್ ತುಂಬಿದ್ದು ಪುಟ್ಟ ಬೆನ್ನಿಗೆ ಒತ್ತಿ ಕೂರದೆ ಇಬ್ಬದಿಯಲ್ಲಿ ಸಂದು ಬಿಡುತ್ತದೆ, ಮಗು ಆ ಸಂದಿಗೆ ವಾಲುತ್ತದೆ. ಕೊನೆಯದು, ಭುಜಪಟ್ಟಿ ನಿಮ್ಮ ಮೈಮೇಲೆ ಪೂರ್ತಿ ಬಿಗಿಯಾದ ಮೇಲೂ ಎಳೆಯಲು ಇನ್ನೂ ನಾಲ್ಕು ಬೆರಳು ಪಟ್ಟಿ ಉಳಿದಿದೆಯೇ. ಇದೊಂದನ್ನು ಕುಳ್ಳಗಿನವರು, ಸಣಕಲು ಮೈಯವರು ಕೊಳ್ಳುವ ಮುನ್ನ ಹಾಕಿಕೊಂಡೇ ನೋಡಬೇಕು. ಎಷ್ಟೋ ಕ್ಯಾರಿಯರ್‌ಗಳು ಆರಡಿಯವರಿಗೆ ಹೇಳಿ ಮಾಡಿಸಿದಂತಿದ್ದು, ಐದಡಿಯವರ ಹೆಗಲಲ್ಲಿ ಎಳೆಯುವಷ್ಟು ಎಳೆದರೂ ಸಡಿಲವೇ ಇರುತ್ತವೆ.

ಕೆಲವು ಕ್ಯಾರಿಯರ್‌ಗಳು ಹಸುಗೂಸಿಗೆಂದು ಒಳಗಿಡುವ ಮೆತ್ತೆಯೊಂದಿಗೆ ಬರುತ್ತವೆ. ಅದೇ ತಯಾರಕರು ಅದೇ ಮಾದರಿಗೆಂದು ಕೊಟ್ಟದ್ದಾದರೆ ಬಳಸಿ, ಸೆಖೆ ಹೆಚ್ಚೆಂದು ನೆನಪಿರಲಿ. ಟವೆಲ್ ಮಡಚಿ ಕೆಳಗಿಡುವುದು, ಇಬ್ಬದಿಗೆ ಬಟ್ಟೆ ಸುರುಳಿ ತುರುಕುವುದು ಬೇಡ, ಅವು ಜರುಗಿ ಮುಖಕ್ಕೆ ಬರಬಹುದು.

ಚೌಕಟ್ಟು ಇರುವ ಬೆನ್ನುಚೀಲದ ಮಾತು ಈಗ ಬೇಡ, ಅದು ಆಸರೆಯಿಲ್ಲದೆ ಕೂರಲು ಕಲಿತ ಮಗುವಿಗೆ.

ಇನ್ನು ನಿಮಗೆ ಸಿಕ್ಕಿರುವ ಕ್ಯಾರಿಯರ್. ಹೊರಮುಖವಾಗಿ ಕೂರಿಸಿದರೆ ತಲೆಗೆ ಹಿಂದಿನಿಂದ ಹಿಡಿತ ಸಿಗುವುದಿಲ್ಲ, ನಿದ್ದೆ ಹತ್ತಿದರೆ ಮುಂದಕ್ಕೆ ಬೀಳುತ್ತದೆ, ಮುಖ ನಿಮಗೆ ಕಾಣುವುದೂ ಇಲ್ಲ. ಕತ್ತು ಗಟ್ಟಿಯಾಗಿ ನಿಲ್ಲುವವರೆಗೆ, ಅಂದರೆ ಎಷ್ಟು ಬೇಗವೆಂದರೂ ನಾಲ್ಕೈದು ತಿಂಗಳು, ಆ ಭಂಗಿಯೇ ಬೇಡ. ಆಮೇಲೂ ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಮಾತ್ರ. ಅದರಲ್ಲಿ ಒಳಮುಖವಾಗಿ ಕೂರಿಸುವ ವ್ಯವಸ್ಥೆಯೂ ಇದ್ದು, ಅಗಲ, ಎತ್ತರ, ಬಿಗಿ ಮೂರೂ ಮೇಲೆ ಹೇಳಿದಂತೆ ಬರುವುದಾದರೆ ಬಳಸಲು ಅಡ್ಡಿಯಿಲ್ಲ. ಹಳೆಯ ಕಿರಿದಾದ ಮಾದರಿಗಳಲ್ಲಿ ಅದು ಬರುವುದು ಅಪರೂಪ.

ಬಳಸಿದ ಕ್ಯಾರಿಯರ್ ಯಾವುದೇ ಇರಲಿ, ಬೆಳಕಿಗೆ ಹಿಡಿದು ನೋಡಿ. ಪಟ್ಟಿ ಬಟ್ಟೆಗೆ ಸೇರುವಲ್ಲಿನ ಹೊಲಿಗೆಯಲ್ಲಿ ದಾರ ಎದ್ದಿದ್ದರೆ, ಬಟ್ಟೆ ಅಲ್ಲಲ್ಲಿ ತೆಳುವಾಗಿದ್ದರೆ, ಬಕಲ್‌ನ ಹಲ್ಲು ಸೀಳಿದ್ದರೆ ಅಥವಾ ಬಿಸಿಲಿಗೆ ಬಿಳಿಚಿದ್ದರೆ ಬಿಡಿ. ಬಕಲ್ ಸಿಕ್ಕಿಸಿದಾಗ ‘ಟಕ್’ ಎಂದು ಸದ್ದು ಬರಬೇಕು, ಆಮೇಲೆ ಜಗ್ಗಿದರೆ ಅಲುಗಬಾರದು. ಲೇಬಲ್ ಕಿತ್ತುಹೋಗಿದ್ದರೆ ಮಾದರಿ, ತೂಕದ ಮಿತಿ ತಿಳಿಯುವುದಿಲ್ಲ, ತಯಾರಕರು ವಾಪಸು ಕರೆಸಿಕೊಂಡಿರುವ ಮಾದರಿಯೇ ಎಂದು ಹುಡುಕಲೂ ಆಗುವುದಿಲ್ಲ. ಹೊಸದಾದರೆ ಮೆತ್ತನೆಯ ಕ್ಯಾರಿಯರ್‌ಗೆ ಯುರೋಪಿನ ಇಎನ್ 13209-2 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್2236, ಸ್ಲಿಂಗ್ ಮತ್ತು ರ‍್ಯಾಪ್‌ಗೆ ಎಎಸ್‌ಟಿಎಂ ಎಫ್2907 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಪ್ರಸಿದ್ಧ ಹೆಸರಿನ ನಕಲಿ ಮಾಲಿನಲ್ಲಿ ಮೊದಲು ಕೈಕೊಡುವುದು ಬಕಲ್ ಮತ್ತು ಹೊಲಿಗೆ.

ಸಿಸೇರಿಯನ್ ಆದವರಿಗೆ

ಮೊದಲ ಆರು ವಾರ ಮಗುವಿಗಿಂತ ಭಾರದ್ದು ಎತ್ತಬೇಡಿ ಎಂದು ವೈದ್ಯರು ಹೇಳಿರುತ್ತಾರೆ. ಮಗುವನ್ನು ಕಟ್ಟಿಕೊಳ್ಳುವುದು ಅದರ ಮಿತಿಯೊಳಗೇ ಬಂದರೂ ಗಂಟೆಗಟ್ಟಲೆ ಹೊರುವುದು ಬೇರೆ ಮಾತು. ಸೊಂಟದ ಪಟ್ಟಿ ಗಾಯದ ಮೇಲೆ ಬರದಂತೆ, ಹೊಕ್ಕುಳಿಗಿಂತ ಮೇಲೆ, ಬೇಕಾದರೆ ಪಕ್ಕೆಲುಬಿನ ಕೆಳಗೇ ಕಟ್ಟಿ. ಕುಳ್ಳಗಿರುವವರಿಗೆ ಇದರಿಂದ ಇನ್ನೊಂದು ಅನುಕೂಲ: ಐದು ವಾರದ ಕೂಸು ಮುತ್ತಿಡುವ ಎತ್ತರಕ್ಕೆ ಬರುವುದೇ ಆಗ. ಮೊದಲ ದಿನಗಳಲ್ಲಿ 15-20 ನಿಮಿಷ ಸಾಕು. ಗಾಯದ ಹತ್ತಿರ ಎಳೆತ, ಕೆಳಹೊಟ್ಟೆಯಲ್ಲಿ ಭಾರ ಇಳಿದಂತಾಗುವುದು, ರಕ್ತಸ್ರಾವ ಹೆಚ್ಚಾಗುವುದು ಕಂಡರೆ ಇಳಿಸಿ, ವೈದ್ಯರಿಗೆ ತಿಳಿಸಿ. ಆ ದಿನಗಳ ಹೆಚ್ಚಿನ ಪಾಳಿ ಮನೆಯವರದ್ದಾಗಲಿ.

ಒಂದೇ ಕ್ಯಾರಿಯರ್ ಇಬ್ಬರು ಬಳಸುವಾಗ ತಪ್ಪುವುದು ಪಟ್ಟಿಯ ಅಳತೆ. ಅವರು ಹಾಕಿ ತೆಗೆದದ್ದನ್ನು ನೀವು ಅವಸರದಲ್ಲಿ ಹಾಗೆಯೇ ಹಾಕಿಕೊಂಡರೆ ಎಲ್ಲೆಡೆ ಸಡಿಲ. ಪಟ್ಟಿಯ ಮೇಲೆ ಬಟ್ಟೆಗೆ ಬರೆಯುವ ಪೆನ್ನಿನಿಂದ ಇಬ್ಬರಿಗೂ ಬೇರೆ ಬೇರೆ ಬಣ್ಣದ ಗೆರೆ ಹಾಕಿಡಿ. ಗುರುತಿಗೆಂದು ಸೂಜಿದಾರ ಹಾಕಬೇಡಿ, ಭಾರ ಹೊರುವ ಪಟ್ಟಿಗೆ ತೂತು ಒಳ್ಳೆಯದಲ್ಲ.

ಹಾಕಿಕೊಳ್ಳುವ ಕ್ರಮ

ಮೊದಲು ಮೂರು-ನಾಲ್ಕು ಕಿಲೋ ತೂಕದ ಬೊಂಬೆಯನ್ನೋ ಚೀಲವನ್ನೋ ಇಟ್ಟು ಕನ್ನಡಿಯ ಮುಂದೆ ಅಭ್ಯಾಸ ಮಾಡಿ. ಮಗುವಿನೊಂದಿಗೆ ಮೊದಲ ಸಲಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ನಿಂತುಕೊಳ್ಳಿ, ಜೊತೆಗೆ ಒಬ್ಬರಿರಲಿ. ಹಾಲು ಕುಡಿಸಿ, ತೇಗು ಬರಿಸಿ, ಡೈಪರ್ ಬದಲಿಸಿ ಶುರುಮಾಡಿ. ಹಸಿದ ಮಗುವಿನ ಮೇಲೆ ಹೊಸ ಕ್ಯಾರಿಯರ್ ಪ್ರಯೋಗ ಮಾಡಿ ‘ನಮ್ಮ ಮಗುವಿಗೆ ಇದು ಆಗುವುದಿಲ್ಲ’ ಎಂದುಕೊಂಡವರು ಬಹಳ. ಕೊರಳ ಸರ, ಚುಚ್ಚುವ ಗುಂಡಿ, ಪಿನ್ನು ತೆಗೆದಿಡಿ.

ಬಕಲ್ ಕ್ಯಾರಿಯರ್ ಆದರೆ ಸೊಂಟದ ಪಟ್ಟಿಯನ್ನು ನೆಟ್ಟಗೆ, ಬಿಗಿಯಾಗಿ ಕಟ್ಟಿ. ಎಲಾಸ್ಟಿಕ್ ಕುಣಿಕೆ ಇದ್ದರೆ ಬಕಲ್ ಅದರ ಮೂಲಕವೇ ಹಾಯಬೇಕು, ಬಕಲ್ ಆಕಸ್ಮಿಕವಾಗಿ ಬಿಟ್ಟುಕೊಂಡರೆ ತಡೆಯುವುದು ಅದು. ಮಗುವನ್ನು ನೆಟ್ಟಗೆ ಎದೆಗೊರಗಿಸಿ, ಒಂದು ಕೈ ಅದರ ಬೆನ್ನು ಮತ್ತು ಕತ್ತಿನ ಮೇಲೆ ಇರಲಿ. ಭುಜಪಟ್ಟಿಗಳ ಕೊನೆಯ ಬಕಲ್ ಬೀಳುವವರೆಗೂ ಆ ಕೈ ಕದಲಬಾರದು. ಹಲಗೆಯನ್ನು ಮಗುವಿನ ಬೆನ್ನಿನ ಮೇಲೆ ಎಳೆದು ಭುಜಪಟ್ಟಿಗಳನ್ನು ಒಂದೊಂದಾಗಿ ಹಾಕಿ. ಅವುಗಳನ್ನು ಜೋಡಿಸುವ ಚಿಕ್ಕ ಪಟ್ಟಿ ನಿಮ್ಮ ಬೆನ್ನಿನ ರೆಕ್ಕೆಮೂಳೆಗಳ ನಡುವೆ ಬರಲಿ. ಕತ್ತಿನ ಹತ್ತಿರಕ್ಕೆ ಏರಿದರೆ ಹೆಗಲು ಹಿಡಿದುಕೊಳ್ಳುತ್ತದೆ, ಕೆಳಗಿಳಿದರೆ ಪಟ್ಟಿಗಳು ಹೆಗಲಿಂದ ಜಾರುತ್ತವೆ.

ಈಗ ಬಹಳ ಮಂದಿ ಬಿಟ್ಟುಬಿಡುವ ಹಂತ. ಎರಡೂ ಕೈಯನ್ನು ಮಗುವಿನ ಮಂಡಿಗಳ ಕೆಳಗೆ ಇಟ್ಟು, ಮಂಡಿಯನ್ನು ಮೇಲಕ್ಕೂ ಪೃಷ್ಠವನ್ನು ನಿಮ್ಮ ಹೊಟ್ಟೆಯ ಕಡೆಗೂ ಮೆಲ್ಲಗೆ ಒತ್ತಿ. ಮಗು ಪೃಷ್ಠದ ಮೇಲೆ ಆಳವಾಗಿ ಕೂತು, ಬೆನ್ನು ಸಹಜವಾಗಿ ಸ್ವಲ್ಪ ಗುಂಡಗಾಗುತ್ತದೆ, ಎದೆ ನಿಮ್ಮ ಎದೆಗೆ ಒರಗುತ್ತದೆ. ಆಮೇಲೆ ಒಂದು ಕೈಯಿಂದ ಮಗುವಿನ ಭಾರವನ್ನು ಕೆಳಗಿನಿಂದ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಭುಜಪಟ್ಟಿ ಎಳೆಯಿರಿ. ಭಾರ ಎತ್ತದೆ ಬರೀ ಪಟ್ಟಿ ಜಗ್ಗಿದರೆ ಅದು ಬರುವುದೇ ಇಲ್ಲ, ಬಿಗಿಯಾಯಿತು ಎನ್ನಿಸುತ್ತದೆ ಅಷ್ಟೆ.

ಪರೀಕ್ಷೆ ಹೀಗೆ. ಅಂಗೈಯನ್ನು ಮಗುವಿನ ಬೆನ್ನಿನ ಮೇಲಿಟ್ಟು ನಿಮ್ಮತ್ತ ಒತ್ತಿ: ಮಗು ನೆಟ್ಟಗಾಗುತ್ತ ನಿಮ್ಮ ಹತ್ತಿರ ಸರಿದರೆ, ಸರಿದಷ್ಟೂ ಸಡಿಲ ಎಂದರ್ಥ. ತಲೆಗೆ ಕೈ ಆನಿಸಿಕೊಂಡು ತುಸು ಮುಂದಕ್ಕೆ ಬಾಗಿ: ಮಗು ಎದೆಯಿಂದ ಬಿಟ್ಟು ತೂಗಿದರೆ ಇನ್ನೂ ಎಳೆಯಿರಿ. ಕೆನ್ನೆ ಎದೆಗೆ ಒರಗಿ ಮೂಗು ಪಕ್ಕಕ್ಕಿರಲಿ, ಗದ್ದದ ಕೆಳಗೆ ಎರಡು ಬೆರಳು ಹಿಡಿಸಲಿ. ಒಮ್ಮೆ ಎಡಗೆನ್ನೆ, ಒಮ್ಮೆ ಬಲಗೆನ್ನೆ ಬದಲಿಸುತ್ತಿರಿ. ಕೊನೆಗೆ ಡೈಪರ್ ಮತ್ತು ಬಟ್ಟೆಯ ಎಲಾಸ್ಟಿಕ್ ತೊಡೆಗೆ ಕಚ್ಚಿದೆಯೇ, ಪಾದ ಮುಚ್ಚುವ ಬಟ್ಟೆ ಬೆರಳನ್ನು ಒತ್ತಿದೆಯೇ ನೋಡಿ.

ಒಳಗೆ ಕೂತ ಮೇಲೂ ಅತ್ತರೆ ನಿಂತಲ್ಲೇ ನಿಂತು ಪಟ್ಟಿ ಸರಿಮಾಡುತ್ತ ಕೂರಬೇಡಿ, ನಡೆಯಿರಿ. ‘ಕರೆಂಟ್ ಬಯಾಲಜಿ’ಯಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗಿನ ಮಕ್ಕಳು ಎತ್ತಿಕೊಂಡು ಕೂತಾಗಿಗಿಂತ ಎತ್ತಿಕೊಂಡು ನಡೆದಾಗ ಬೇಗ ಸುಮ್ಮನಾದರು, ಹೃದಯದ ಬಡಿತವೂ ಇಳಿಯಿತು. ಐದು ನಿಮಿಷ ನಡೆದರೂ ಅಳು ನಿಲ್ಲದಿದ್ದರೆ ತೆಗೆದು ನೋಡಿ.

ಸೆಖೆ, ಹಾಲು, ನಿದ್ದೆ

ಕ್ಯಾರಿಯರ್‌ನ ಬಟ್ಟೆಯೂ ಒಂದು ಉಡುಪು, ನಿಮ್ಮ ಮೈಶಾಖವೂ ಸೇರುತ್ತದೆ. ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಕಡಿಮೆ ಹಾಕಿ. ಕೈಕಾಲು ತಣ್ಣಗಿರುವುದು ಸಹಜ, ಅದನ್ನು ನೋಡಿ ಹೊದಿಸಬೇಡಿ. ಬೆರಳನ್ನು ಕತ್ತಿನ ಹಿಂಭಾಗಕ್ಕೆ ಇಟ್ಟು ನೋಡಿ: ಬೆವರಿದ್ದರೆ, ಬಿಸಿಯಿದ್ದರೆ ಇಳಿಸಿ ಗಾಳಿ ಆಡಲು ಬಿಡಿ. ಬಿಸಿಲಿಗೆಂದು ಮುಖದ ಮೇಲೆ ಬಟ್ಟೆ ಇಳಿಬಿಡಬೇಡಿ, ನಿದ್ದೆ ಬಂದಾಗ ತಲೆಯ ಮೇಲೆ ಕ್ಯಾರಿಯರ್‌ನ ಟೋಪಿಯಂಥ ಹೊದಿಕೆಯನ್ನು ಪೂರ್ತಿ ಎಳೆಯಬೇಡಿ. ಕೊಡೆ ಹಿಡಿಯಿರಿ.

ಕೈಬಿಟ್ಟು ಕೆಲಸ ಮಾಡುತ್ತ ಕ್ಯಾರಿಯರ್‌ನಲ್ಲೇ ಹಾಲೂಡಿಸುವುದು ಈ ವಯಸ್ಸಿಗೆ ಬೇಡ. ಮೊಲೆಗೆ ಹತ್ತಿರವಾಗಲು ಪಟ್ಟಿ ಇಳಿಸಿದಾಗ ಮಗು ಜಾರಿ, ಮುಖ ಒತ್ತಿಕೊಂಡು, ಹಾಗೆಯೇ ನಿದ್ದೆ ಹೋಗುತ್ತದೆ. ಇಳಿಸಿ ಕುಡಿಸಿ, ಮತ್ತೆ ಹಾಕಿಕೊಳ್ಳಿ. ಎರಡು-ಮೂರು ಗಂಟೆಗೊಮ್ಮೆ ಹೇಗೂ ಇಳಿಸಬೇಕಾಗುತ್ತದೆ, ಹಾಗಾಗಿ ‘ಎಷ್ಟು ಹೊತ್ತು ಇರಬಹುದು’ ಎಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ. ಮಗು ಅದರೊಳಗೆ ಮಲಗಿದರೆ ತೊಂದರೆಯಿಲ್ಲ, ನೀವು ಎಚ್ಚರವಿರಬೇಕು, ಐದು-ಹತ್ತು ನಿಮಿಷಕ್ಕೊಮ್ಮೆ ಗದ್ದ ನೋಡಬೇಕು. ನಿಮಗೇ ಜೊಂಪು ಹತ್ತುತ್ತಿದ್ದರೆ ಮಗುವನ್ನು ಚಪ್ಪಟೆಯಾದ, ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಕಟ್ಟಿಕೊಂಡೇ ಸೋಫಾದಲ್ಲಿ ಒರಗುವುದು ಅಪಾಯ.

ಒಲೆಯ ಮುಂದೆ, ಬಿಸಿ ಪಾನೀಯ ಕುಡಿಯುವಾಗ, ಸೈಕಲ್ ಮತ್ತು ಇತರ ವಾಹನದಲ್ಲಿ ಕ್ಯಾರಿಯರ್ ಬೇಡ. ಕಾರಿನಲ್ಲಿ ಮಗುವಿಗೆ ಅದರದೇ ಸೀಟು ಬೇಕು. ಕೆಳಗೆ ಬಿದ್ದದ್ದನ್ನು ಎತ್ತಲು ಸೊಂಟ ಬಗ್ಗಿಸದೆ ಮಂಡಿ ಮಡಚಿ ಕೂತು, ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಳ್ಳಿ. ಮಗುವಿಗೆ ಜ್ವರ, ಮೂಗು ಕಟ್ಟುವಿಕೆ, ಉಸಿರಾಟದ ಯಾವುದೇ ತೊಂದರೆ ಇದ್ದ ದಿನ ಕೈಯಲ್ಲೇ ಎತ್ತಿಕೊಳ್ಳಿ. ಅವಧಿಗೆ ಮುನ್ನ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಇಲ್ಲಿ ಹೇಳಿದ್ದು ಅನ್ವಯಿಸದು. ಅವರಿಗೆ ಆಸ್ಪತ್ರೆಯಲ್ಲಿ ಹೇಳಿಕೊಡುವ ಮೈಗೆ ಮೈ ತಾಗಿಸುವ ಕಾಂಗರೂ ಆರೈಕೆಯೇ ಬೇರೆ, ಅದರ ಕಟ್ಟೂ ಬೇರೆ.

ಒಗೆಯಲು ಹಗುರವಾದ ಸಾಬೂನು ಸಾಕು. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಿಗ್ಗುವ ಬಟ್ಟೆಯ ಎಳೆಗಳಿಗೆ ಒಳ್ಳೆಯದಲ್ಲ. ಬಕಲ್‌ಗಳನ್ನು ಸಿಕ್ಕಿಸಿ, ದಿಂಬಿನ ಚೀಲದೊಳಗಿಟ್ಟು ಯಂತ್ರಕ್ಕೆ ಹಾಕಿ. ರಿಂಗ್‌ಗಳಿಗೆ ಕಾಲುಚೀಲ ತೊಡಿಸಿದರೆ ಡ್ರಮ್ಮಿಗೆ ಬಡಿಯುವುದಿಲ್ಲ. ಮಗು ಕಕ್ಕುವುದು ಭುಜಪಟ್ಟಿಯ ಮೇಲೇ ಹೆಚ್ಚು, ಬಿಚ್ಚಿ ತೊಳೆಯಬಹುದಾದ ಹೊದಿಕೆ ಎರಡು ಇಟ್ಟುಕೊಂಡರೆ ಇಡೀ ಕ್ಯಾರಿಯರ್ ಪದೇ ಪದೇ ನೆನೆಯುವುದು ತಪ್ಪುತ್ತದೆ.

ಈ ವಯಸ್ಸಿನ ಕೂಸು ವಾರಕ್ಕೆ 150-200 ಗ್ರಾಂ ತೂಕ ಏರಿಸಿಕೊಳ್ಳುತ್ತದೆ, ಉದ್ದವೂ ಬೆಳೆಯುತ್ತದೆ. ಎರಡು ವಾರಕ್ಕೊಮ್ಮೆ ಟೇಪು ಹಿಡಿದು ಮತ್ತೆ ಅಳೆಯಿರಿ. ಬಟ್ಟೆಯ ಅಂಚು ಮಂಡಿಯ ಗುಳಿಗಿಂತ ಎರಡು ಬೆರಳು ಹಿಂದೆ ಉಳಿದಾಗ ಒಂದು ಮೆಟ್ಟಿಲು ಅಗಲಿಸಿ. ಅಗಲಿಸಿದ ದಿನ ಭುಜಪಟ್ಟಿಯ ಗೆರೆಗಳನ್ನೂ ಹೊಸದಾಗಿ ಹಾಕಿ, ಏಕೆಂದರೆ ಕೂರುವ ಅಗಲ ಬದಲಾದರೆ ಮೇಲಿನ ಬಿಗಿಯೂ ಬದಲಾಗಿರುತ್ತದೆ.